ಗೊಂಬೆಯ ಗುಣಪರೀಕ್ಷೆ

ದಾಂಡೇಲಿಯ ಮರದ ಡಿಪೋದಲ್ಲಿ ಸಾಗುವಾನಿಯ ಹರಾಜು ನಡೆಯುವ ದಿನಗಳಲ್ಲಿ ತಂದೆಯವರ ಬೆರಳು ಹಿಡಿದು ದಿಮ್ಮಿಗಳ ಸಾಲುಗಳ ನಡುವೆ ಅಲೆದಾಡಿದ ಬಾಲ್ಯ ನನ್ನದು. ಮರವನ್ನು ಬಲ್ಲ ವ್ಯಾಪಾರಿಯು ದಿಮ್ಮಿಯ ಉದ್ದಕ್ಕಾಗಲಿ ಸುತ್ತಳತೆಗಾಗಲಿ ಮರುಳಾಗದೆ, ಮೊದಲು ಅದರ ಕೊಯ್ದ ತುದಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಚೇಗು ಎಷ್ಟಿದೆ, ಬಿಳಿಮರ ಎಷ್ಟಿದೆ, ನಡುವೆ ಪೊಳ್ಳು ಬಿದ್ದಿದೆಯೆ, ಸೀಳು ಎಷ್ಟು ದೂರ ಒಳಹೊಕ್ಕಿದೆ ಎಂಬುದನ್ನೆಲ್ಲ ಕಣ್ಣಿನಿಂದಲೂ ಉಗುರಿನಿಂದಲೂ ವಿಚಾರಿಸಿಕೊಂಡ ಮೇಲೆಯೇ ಬೆಲೆಯ ಮಾತಿಗೆ ಬರುತ್ತಿದ್ದನು. ವಸ್ತುವಿನ ಯೋಗ್ಯತೆಯನ್ನು ಅಳೆಯುವ ಈ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ. ಪ್ಲಾಸ್ಟಿಕ್ಕಿನ ಗೊಂಬೆಯೊಂದರ ವಿಷಯದಲ್ಲಿಯೂ ಅದು ನನ್ನ ಕೈಹಿಡಿಯಿತು.

ಕಳೆದ ಆಷಾಢದಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಮಧ್ಯಾಹ್ನ, ನೆರೆಮನೆಯ ಯುವಕನು ಅಂಗಿಯೊಳಗೆ ಅವಚಿಕೊಂಡು ಒಂದು ಪೆಟ್ಟಿಗೆಯನ್ನು ತಂದನು. ಅದರೊಳಗೆ ಆರಿಂಚು ಎತ್ತರದ ಅಂತರಿಕ್ಷ ಯೋಧನೊಬ್ಬನಿದ್ದನು: ಬೂದುಬಣ್ಣದ ಕವಚ, ಬಲಗೈಗೆ ಒಂದು ಖಡ್ಗ, ಪಕ್ಕದಲ್ಲಿ ಬಂದೂಕು, ತೆಗೆದು ಹಾಕಬಹುದಾದ ಶಿರಸ್ತ್ರಾಣ. ಬೆಲೆ ಮೂರೂವರೆ ಸಾವಿರ ರೂಪಾಯಿ. ಮೊದಲ ಸಂಬಳದಲ್ಲಿ ಕೊಂಡದ್ದು. “ಪೆಟ್ಟಿಗೆ ಒಡೆದರೆ ಬೆಲೆ ಹೋಗುತ್ತದೆ ಅಂತಾರೆ. ಒಡೆಯದೆ ಇಟ್ಟರೆ ಇದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗೋದು ಹೇಗೆ?” ಎಂದು ಅವನು ಕೇಳಿದನು. ಪ್ರಶ್ನೆಯು ನನಗೆ ಬಹಳ ಹಿಡಿಸಿತು, ಏಕೆಂದರೆ ಸಂಗ್ರಾಹಕರ ಲೋಕದ ತೊಡಕೆಲ್ಲವೂ ಅದರಲ್ಲಿ ಅಡಗಿತ್ತು.

‘ಆ್ಯಕ್ಷನ್ ಫಿಗರ್’ ಎಂಬ ಹೆಸರನ್ನು 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಸಂಸ್ಥೆಯು ತನ್ನ ಜಿ.ಐ. ಜೋ ಎಂಬ ಸೈನಿಕ ಗೊಂಬೆಗಾಗಿ ಬಳಕೆಗೆ ತಂದಿತು; ಗಂಡುಹುಡುಗರು ‘ಗೊಂಬೆ’ ಎಂದರೆ ಮುಟ್ಟಲಾರರೆಂಬ ಅಂಜಿಕೆಯೇ ಅದಕ್ಕೆ ಕಾರಣ. ಆದರೆ ಹೆಸರು ತಾನಾಗಿಯೇ ಒಂದು ಲಕ್ಷಣವನ್ನೂ ಹೇಳಿಬಿಟ್ಟಿತು: ಕ್ರಿಯೆ ಯಾವುದಕ್ಕೆ ಸಾಧ್ಯವೋ ಅದೇ ಈ ಜಾತಿಯ ಗೊಂಬೆ. 1977ರಲ್ಲಿ ಸ್ಟಾರ್ ವಾರ್ಸ್ ಚಲನಚಿತ್ರವು ಬಂದಾಗ, ಅದರ ಗೊಂಬೆಗಳ ಹಕ್ಕು ಪಡೆದ ಕೆನರ್ ಸಂಸ್ಥೆಗೆ ಆ ವರ್ಷದ ಕ್ರಿಸ್‌ಮಸ್ಸಿನ ಹೊತ್ತಿಗೆ ಗೊಂಬೆಗಳನ್ನು ಸಿದ್ಧಪಡಿಸಲಾಗದೆ, ಮುಂದೆ ಅಂಚೆಯಲ್ಲಿ ಗೊಂಬೆ ಕಳುಹಿಸುವೆವೆಂಬ ವಾಗ್ದಾನಪತ್ರವಿದ್ದ ಬರಿಯ ರಟ್ಟಿನ ಲಕೋಟೆಗಳನ್ನೇ ಮಾರಬೇಕಾಯಿತು; ಜನರು ಅದನ್ನೂ ಕೊಂಡರು. ಮರುವರ್ಷ ಬಂದ ಆ ಗೊಂಬೆಗಳು ಮೂರೂಮುಕ್ಕಾಲು ಇಂಚಿನಷ್ಟೇ ಚಿಕ್ಕವಾಗಿದ್ದುವು. ಅಂತರಿಕ್ಷ ನೌಕೆಗಳನ್ನೂ ಅದೇ ಅಳತೆಯಲ್ಲಿ ಮಾಡಿ, ಅವುಗಳೊಳಗೆ ಈ ಗೊಂಬೆಗಳನ್ನು ಕೂರಿಸಬೇಕೆಂಬುದೇ ಅದರ ಹಿಂದಿನ ವಿವೇಕ. ಇಂದಿನ ಆರಿಂಚಿನ ಯೋಧರೆಲ್ಲರೂ ಆ ಕಿರಿಯರ ವಂಶಜರೇ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಹಳೆಯ ಗೊಂಬೆಗಳನ್ನು 100ರ ಮಾನದಲ್ಲಿ ತೂಗಿ, ಅಂಕ ಬರೆದು, ಪಾರದರ್ಶಕ ಕರಂಡಕದಲ್ಲಿ ಶಾಶ್ವತವಾಗಿ ಮುದ್ರೆಯೊತ್ತಿ ಕೊಡುವ ಸಂಸ್ಥೆಗಳೇ ಇವೆ. ರಟ್ಟಿನ ಮೂಲೆ ಮಡಿಸಿದರೆ ಅಂಕ ಇಳಿಯುವುದು, ಒಳಗಿನವನ ಮೊಣಕಾಲು ಮಡಿಸುವುದೋ ಇಲ್ಲವೋ ಕೇಳುವವರಿಲ್ಲ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ನೆರಳಿನಲ್ಲಿ ಬೆಳೆದ ಊರಿನವನಾದ ನಾನು ರಟ್ಟನ್ನು ತಿರಸ್ಕರಿಸುವವನಲ್ಲ. ಒಳ್ಳೆಯ ರಟ್ಟು, ಅದರ ಮೇಲಿನ ಸ್ವಚ್ಛವಾದ ಮುದ್ರಣ, ಇವೂ ಮನುಷ್ಯರ ಶ್ರಮವೇ. ಆದರೆ ಅದು ದಿಮ್ಮಿಯ ತೊಗಟೆಗೆ ಸಮಾನ. ಅಲ್ಲದೆ ಜೊಯಿಡಾದ ಕಾಡಿನಂಚಿನಲ್ಲಿ ನಾಲ್ಕು ತಿಂಗಳ ಮಳೆಗಾಲವನ್ನು ಕಳೆದವರಾರೂ, ಬೂಷ್ಟು ಹಿಡಿಯದ ರಟ್ಟಿನ ಪೆಟ್ಟಿಗೆಯನ್ನು ಹತ್ತು ವರ್ಷ ಕಾಪಾಡುವೆನೆಂದು ಪ್ರತಿಜ್ಞೆ ಮಾಡಲಾರರು. “ಒಡೆ” ಎಂದೆ. ಅವನು ಒಡೆದನು.

ಮೊದಲು ಕೀಲುಗಳನ್ನು ನೋಡಬೇಕು. ನಿರ್ಜೀವ ವಸ್ತುವಿಗೆ ಜೀವದ ಭ್ರಾಂತಿಯನ್ನು ಕೊಡುವ ಸ್ಥಾನ ಅದೇ. ಭುಜ, ಮೊಣಕೈ, ಸೊಂಟ, ಮೊಣಕಾಲು, ಹರಡು ಇವುಗಳನ್ನು ಒಂದೊಂದಾಗಿ, ಬಲಾತ್ಕಾರವಿಲ್ಲದೆ, ತಿರುಗಿಸಿ ನೋಡಬೇಕು; ಬಿಗಿಯು ಎರಡು ಪಕ್ಕಗಳಲ್ಲಿಯೂ ಸಮವಾಗಿರಬೇಕು. ಆಯುಧವನ್ನು ಕೈಗೆ ಕೊಟ್ಟು, ತೋಳನ್ನು ಭುಜದ ಮಟ್ಟಕ್ಕೆ ಚಾಚಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಬೆಳಿಗ್ಗೆ ಎದ್ದು ನೋಡಿದಾಗ ತೋಳು ಇಳಿಯದೆ ನಿಂತಿದ್ದರೆ ಆ ಕೀಲನ್ನು ನಂಬಬಹುದು. ಬಳಿಕ ಆಧಾರದ ಪೀಠವಿಲ್ಲದೆ, ಒಂದು ಕಾಲು ಮುಂದಿಟ್ಟ ನಡಿಗೆಯ ಭಂಗಿಯಲ್ಲಿ ನಿಲ್ಲಿಸಬೇಕು. ಸರಿಯಾದ ಹರಡುಳ್ಳ ಗೊಂಬೆಯು ಪಾದವನ್ನು ಪೂರ್ತಿ ನೆಲಕ್ಕೂರಿ ನಿಲ್ಲುವುದು. ಕೆಟ್ಟದ್ದು ಪಾದದ ಅಂಚಿನ ಮೇಲೆ ಓಲಾಡುವುದು.

ಬಣ್ಣದ ವಿಷಯದಲ್ಲಿ ನಮ್ಮ ಚನ್ನಪಟ್ಟಣದವರು ಇಡೀ ಲೋಕಕ್ಕೆ ಪಾಠ ಹೇಳಬಲ್ಲರು. ಅವರು ಆಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವರು. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಅಂಟಿಕೊಳ್ಳುವುದು. ಕೊನೆಗೆ ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪು ಏಳುವುದು. ಅಲ್ಲಿ ಬಣ್ಣವು ವಸ್ತುವಿನ ಮೇಲೆ ಕುಳಿತಿರುವುದಿಲ್ಲ, ವಸ್ತುವಿನ ಚರ್ಮವೇ ಆಗಿರುವುದು. ಪ್ಲಾಸ್ಟಿಕ್ ಗೊಂಬೆಯಲ್ಲಿ ಇದಕ್ಕೆ ಸಮಾನವಾದುದು, ಅಚ್ಚಿಗೆ ಸುರಿಯುವ ಮುನ್ನವೇ ಪ್ಲಾಸ್ಟಿಕ್ಕಿನಲ್ಲಿ ಬೆರೆತ ಬಣ್ಣ. ಮೊಣಕಾಲಿನ ಕೀಲಿಗೆ ಬೇರೆ ಬಣ್ಣದ ಪ್ಲಾಸ್ಟಿಕ್ ಉಪಯೋಗಿಸಿ ಮೇಲೆ ಬಣ್ಣ ಬಳಿದಿದ್ದರೆ, ಇಪ್ಪತ್ತು ಸಲ ಮಡಿಸುವಷ್ಟರಲ್ಲಿ ಅದು ಸವೆದು ಒಳಗಿನದು ಇಣುಕುವುದು. ಕೈಗವಸು ಮುಗಿದು ತೋಳು ಆರಂಭವಾಗುವ ಗೆರೆಯನ್ನು ನೋಡಿ: ಅದು ನೇರವಾಗಿದ್ದರೆ ತಯಾರಕನಿಗೆ ಮನಸ್ಸಿತ್ತು. ಎರಡು ಅಚ್ಚುಗಳು ಕೂಡಿದ ಪಕ್ಕದ ಗೆರೆಯ ಮೇಲೆ ಉಗುರಾಡಿಸಿ: ತಡೆದರೆ ಅಚ್ಚು ಹಳೆಯದು, ಇಲ್ಲವೆ ಕೆಲಸ ಆತುರದ್ದು. ಬಿಳಿಯ ಕವಚದ ಗೊಂಬೆಯಾದರೆ ಕಿಟಕಿಯ ಬಿಸಿಲಿನಿಂದ ದೂರವಿಡಬೇಕು. 1978ರ ಆ ಸ್ಟಾರ್ ವಾರ್ಸ್ ಗೊಂಬೆಗಳಲ್ಲಿನ ಬಿಳಿ ಸೈನಿಕರು ಅನೇಕರು ಇಂದು ಅರಿಸಿನ ಹಚ್ಚಿದಂತಾಗಿದ್ದಾರೆ.

ಮುಖದ ಮಾತು ಬೇರೆ. ಅಲ್ಲಿ ಅಳತೆಗೋಲು ಸಾಲದು. ಚೌತಿಗೆ ಮಣ್ಣಿನ ಗಣಪತಿಯನ್ನು ಮಾಡುವ ನಮ್ಮ ಹಳಿಯಾಳದ ಕಡೆಯ ಕೈಗಳೂ, ಕೊಪ್ಪಳದ ಕಿನ್ನಾಳದ ಚಿತ್ರಗಾರರೂ ಬಲ್ಲ ಗುಟ್ಟೊಂದಿದೆ: ಕಣ್ಣು ತಪ್ಪಿದರೆ ಉಳಿದುದೆಲ್ಲ ವ್ಯರ್ಥ. ಅದಕ್ಕಾಗಿಯೇ ನಮ್ಮವರು ನೇತ್ರೋನ್ಮೀಲನವನ್ನು ಕೊನೆಗೆ ಉಳಿಸಿಕೊಂಡು ಅದಕ್ಕೊಂದು ವಿಧಿಯನ್ನೇ ಇಟ್ಟರು. ಕಾರ್ಖಾನೆಯಲ್ಲಿ ಕಣ್ಣನ್ನು ಯಂತ್ರವು ಮುದ್ರಿಸುತ್ತದೆ. ಕೂದಲೆಳೆಯಷ್ಟು ಸರಿದರೂ ವೀರನು ಮೆಳ್ಳಗಣ್ಣಿನವನಾಗುತ್ತಾನೆ. ಒಂದು ತೋಳಿನ ದೂರದಲ್ಲಿ ಹಿಡಿದು, ಎದುರಿನಿಂದ ಒಮ್ಮೆ, ಓರೆಯಾಗಿ ಒಮ್ಮೆ ನೋಡಬೇಕು. ಪ್ರಮಾಣವನ್ನೂ ಅಲ್ಲಿಯೇ ನಿರ್ಣಯಿಸಬಹುದು. ಮುಖದ ಉದ್ದವನ್ನೇ ಒಂದು ತಾಲವೆಂದು ಹಿಡಿದು ಒಡಲನ್ನು ಅಳೆಯುವ ತಾಲಮಾನವು ನಮ್ಮ ಶಿಲ್ಪಶಾಸ್ತ್ರದಲ್ಲಿದೆ; 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿನವರ ಥಂಕಾ ಪರಂಪರೆಯಲ್ಲಿಯೂ ಗೆರೆಗಳ ಜಾಲವನ್ನೆಳೆದ ಮೇಲೆಯೇ ಬುದ್ಧನು ಮೂಡುತ್ತಾನೆ. ಶಿರಸ್ತ್ರಾಣ ತೊಟ್ಟ ಗೊಂಬೆಗಳಲ್ಲಿ ತಲೆ ದಪ್ಪವಾಗಿ ಭುಜ ಕಿರಿದಾಗುವ ದೋಷ ಸಾಮಾನ್ಯ, ಅದನ್ನು ಬೆಲೆ ಎಷ್ಟೇ ಇರಲಿ ಕ್ಷಮಿಸಬಾರದು.

ಆದರೆ ವೈಜ್ಞಾನಿಕ ಕಲ್ಪನೆಯ ಗೊಂಬೆಗೆ ಇನ್ನೂ ಒಂದು ಪರೀಕ್ಷೆಯುಂಟು, ಅದು ನನಗೆ ಎಲ್ಲಕ್ಕಿಂತ ಪ್ರಿಯವಾದುದು. ರಾಮನಿಗೂ ಗಣಪತಿಗೂ ಪರಂಪರೆಯ ಧ್ಯಾನಶ್ಲೋಕವಿದೆ, ಕುದುರೆಗೆ ನಿಜವಾದ ಕುದುರೆಯಿದೆ; ಯಾರೂ ಕಾಣದ ಗ್ರಹದ ಸೈನಿಕನಿಗೆ ಮಾದರಿ ಎಲ್ಲಿಯದು? ಅವನು ತನ್ನೊಳಗಿನ ತರ್ಕದಿಂದಲೇ ನಂಬಿಕೆ ಹುಟ್ಟಿಸಬೇಕು. ಬೆನ್ನಿನ ನಳಿಗೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ? ಈ ಕವಚವನ್ನು ತೊಟ್ಟ ನಿಜವಾದ ಮನುಷ್ಯನು ಕುಳಿತುಕೊಳ್ಳಬಲ್ಲನೆ? ಕವಚದ ಮೇಲೆ ತಿಕ್ಕಿದ ಗಾಯಗಳನ್ನೂ ಮಸಿಯನ್ನೂ ತೋರಿಸಿದ್ದರೆ ಅವು ಇರಬೇಕಾದ ಜಾಗದಲ್ಲಿವೆಯೆ? ನಮ್ಮ ಊರಿನ ನಾಟಾ ಲಾರಿಗಳನ್ನು ನೋಡಿರಿ: ದಿಮ್ಮಿ ಉರುಳಿ ತಿಕ್ಕುವ ಗೂಟಗಳಲ್ಲಿ, ಹಿಂಬಾಗಿಲ ಅಂಚಿನಲ್ಲಿ, ಚಾಲಕನು ಕಾಲಿಟ್ಟು ಹತ್ತುವ ಮೆಟ್ಟಿಲಿನಲ್ಲಿ ಬಣ್ಣ ಹಾರಿ ಕಬ್ಬಿಣ ಬೆಳ್ಳಿಯಂತೆ ಹೊಳೆಯುತ್ತದೆ, ಮಾಡಿನ ನಡುಭಾಗವು ಧೂಳಷ್ಟೇ ಕುಡಿದಿರುತ್ತದೆ. ಕೆಲಸ ಮಾಡಿದ ವಸ್ತುವಿನ ಸವೆತಕ್ಕೆ ಇಂಥ ಒಂದು ನ್ಯಾಯವಿದೆ. ಮನಬಂದಂತೆ ಮೈಯೆಲ್ಲ ಕಪ್ಪು ಚಿಮುಕಿಸಿದ ಗೊಂಬೆಯು ಯುದ್ಧದಿಂದ ಬಂದವನಂತಲ್ಲ, ಒಲೆಯೊಳಗೆ ಬಿದ್ದೆದ್ದವನಂತೆ ಕಾಣುತ್ತದೆ.

ಇಂಥ ವಿವೇಚನೆ ನಮಗೆ ಪರಕೀಯವೆಂದು ಯಾರೂ ಭಾವಿಸಬಾರದು. ಜೊಯಿಡಾ ತಾಲ್ಲೂಕಿನ ಅನಮೋಡ ಘಟ್ಟವನ್ನಿಳಿದು ಹೋದರೆ ಸಿಗುವ ಗೋವೆಯಲ್ಲಿ ಕಾರ್ಖಾನೆಯುಳ್ಳ ಫನ್‌ಸ್ಕೂಲ್ ಸಂಸ್ಥೆಯು, ಹ್ಯಾಸ್‌ಬ್ರೋದ ಅಚ್ಚುಗಳಿಂದ ಜಿ.ಐ. ಜೋ ಗೊಂಬೆಗಳನ್ನು ಭಾರತದಲ್ಲಿಯೇ ತಯಾರಿಸಿತು. ಬೇರೆಲ್ಲಿಯೂ ಕಾಣದ ಅವುಗಳ ಬಣ್ಣಗಳ ಜೋಡಣೆಗಾಗಿ ಅಮೆರಿಕದ ಸಂಗ್ರಾಹಕರೇ ಅವನ್ನು ಅರಸಿ ತರಿಸಿಕೊಂಡರು. ಇಂದು ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, 2021ರ ಜನವರಿಯಿಂದ. ಅದು ಮಗುವಿನ ಬಾಯಿಗೆ ವಿಷ ಸೇರದಂತೆ, ಕೈಗೆ ಗಾಯವಾಗದಂತೆ ಕಾಯುವ ಗುರುತು, ಅತ್ಯಗತ್ಯವಾದುದು. ಆದರೆ ಗೊಂಬೆ ಚೆನ್ನಾಗಿದೆಯೆಂದು ಅದು ಹೇಳುವುದಿಲ್ಲ, ಹೇಳಬೇಕಾದವನು ಕೊಳ್ಳುವವನೇ. ಕೊಳ್ಳುವವರು ಮೆಳ್ಳಗಣ್ಣನ್ನೂ ಸಡಿಲ ಸೊಂಟವನ್ನೂ ಪೆಟ್ಟಿಗೆಯ ಮೋಹದಲ್ಲಿ ಒಪ್ಪಿಕೊಳ್ಳುತ್ತ ಹೋದರೆ, ತಯಾರಕರು ಪೆಟ್ಟಿಗೆಯನ್ನೇ ಉತ್ತಮಗೊಳಿಸುತ್ತ ಹೋಗುವರು.

ನೆರೆಯ ಯುವಕನ ಯೋಧನನ್ನು ನಾವಿಬ್ಬರೂ ಒಂದು ತಾಸು ಪರೀಕ್ಷಿಸಿದೆವು. ಮುಖ ನಿರ್ದೋಷವಾಗಿತ್ತು, ಸೊಂಟವೂ ಭುಜಗಳೂ ದೃಢವಾಗಿದ್ದುವು, ಸವೆತವು ಮೊಣಕಾಲಿನಲ್ಲಿಯೂ ಪಾದರಕ್ಷೆಯ ತುದಿಯಲ್ಲಿಯೂ ಮಾತ್ರ ಇತ್ತು. ಎಡ ಹರಡು ಸಡಿಲ. ಪೆಟ್ಟಿಗೆಯಲ್ಲಿ ಒತ್ತಿಹೋಗಿದ್ದ ಖಡ್ಗವು ಬಾಳೆಯ ಸುಳಿಯಂತೆ ಬಾಗಿತ್ತು. ಸ್ಟೀಲಿನ ಲೋಟದಲ್ಲಿ ಬಿಸಿನೀರು ತರಿಸಿ, ಖಡ್ಗವನ್ನು ಅರೆನಿಮಿಷ ಅದ್ದಿ, ಮೆತ್ತಗಾದುದನ್ನು ಬೆರಳುಗಳ ನಡುವೆ ನೇರಮಾಡಿ, ಕೂಡಲೆ ತಣ್ಣೀರಿಗೆ ಹಾಕಿದೆವು. ಅದು ನೇರವಾಗಿಯೇ ಉಳಿಯಿತು. ಆ ರಾತ್ರಿ ಖಡ್ಗ ಹಿಡಿದ ತೋಳನ್ನು ಚಾಚಿಸಿ ನನ್ನ ಮೇಜಿನ ಮೇಲೆಯೇ ನಿಲ್ಲಿಸಿಕೊಂಡೆ. ಬೆಳಿಗ್ಗೆ ತೋಳು ಇಳಿದಿರಲಿಲ್ಲ. ಕೊಟ್ಟ ಹಣಕ್ಕೆ ಮೋಸವಿಲ್ಲ, ಹಿಂದಕ್ಕೆ ಕಳುಹಿಸಬೇಡ, ಕಿಟಕಿಯ ಬಳಿ ಮಾತ್ರ ಇಡಬೇಡ ಎಂದು ಅವನಿಗೆ ಹೇಳಿದೆ.