ಮಗುವಿನ ಕೋಪಕ್ಕೆ ಚಿತ್ರವಿರಬಾರದೆ?

ಮಕ್ಕಳ ಪುಸ್ತಕವೆಂದರೆ ನಗುವ ಸೂರ್ಯ, ಕುಣಿಯುವ ಮೊಲ, ಕೊನೆಯಲ್ಲಿ ದಪ್ಪಕ್ಷರದ ನೀತಿ. ಇಷ್ಟಿದ್ದರೆ ಸಾಕೆನ್ನುವ ಹಿರಿಯರೊಡನೆ ನನ್ನ ಜಗಳ ಹಳೆಯದು. ಮಗುವಿಗೆ ಕೋಪ, ಭಯ, ಅಸೂಯೆಗಳನ್ನು ತೋರಿಸಬಾರದಂತೆ! ತೋರಿಸದಿದ್ದರೆ ಅವು ಮಗುವಿನಲ್ಲಿ ಇಲ್ಲವಾಗುತ್ತವೆಯೆ? ಮೂರನೆಯ ತರಗತಿಗೆ ಒಂದೇ ದಿನ ಪಾಠ ಹೇಳಿದವರೂ ಇದಕ್ಕೆ ಉತ್ತರ ಬಲ್ಲರು.

ಇಂಥವರು ಅಮೆರಿಕದ ಮಾರಿಸ್ ಸೆಂಡಾಕ್ ಅವರನ್ನು ಓದಬೇಕು. ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ 1928ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಬಾಲ್ಯವೆಲ್ಲ ಕಾಯಿಲೆ. ಯುರೋಪಿನಲ್ಲಿ ಉಳಿದ ಹಲವು ಬಂಧುಗಳು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಇಂಥ ಮನೆಯ ಹುಡುಗನೆದುರು ಬಾಲ್ಯವೆಂದರೆ ಬರಿಯ ಆನಂದವೆಂದು ಯಾರು ಹೇಳಿಯಾರು?

1963ರಲ್ಲಿ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಬಂದಿತು. ತೋಳದ ಉಡುಪು ತೊಟ್ಟು ಪುಂಡಾಟ ನಡೆಸಿದ ಮ್ಯಾಕ್ಸ್‌ನನ್ನು ಊಟವಿಲ್ಲದೆ ಮಲಗಲು ಅಟ್ಟಲಾಗುತ್ತದೆ. ಕೋಣೆಯೊಳಗೇ ಕಾಡು ಬೆಳೆಯುತ್ತದೆ. ಹುಡುಗ ದೋಣಿಯೇರಿ ಹೋಗಿ ವಿಕಾರಮೃಗಗಳಿಗೆ ದೊರೆಯಾಗುತ್ತಾನೆ. (ಈ ಮೃಗಗಳಿಗೆ ಮಾದರಿ, ಭಾನುವಾರ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಂತೆ! ನಮ್ಮ ಮಕ್ಕಳಿಗೂ ಇವರ ಪರಿಚಯವುಂಟು.) ಮೊದಲು ಪುಟ್ಟದಾಗಿದ್ದ ಚಿತ್ರಗಳು ಹಿಗ್ಗುತ್ತ ಹಿಗ್ಗುತ್ತ, ಕಡೆಗೆ ಮಾತನ್ನೇ ಹೊರದಬ್ಬಿ ಮೂರು ಜೋಡಿಪುಟಗಳನ್ನು ಪೂರ್ತಿ ಆಕ್ರಮಿಸುತ್ತವೆ. ಕೋಪಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಆಕಾರವನ್ನು ನಾನು ಕಂಡಿಲ್ಲ. ಅನಂತರ ಒಂಟಿತನ, ಮನೆಯ ಹಂಬಲ. ಮರಳಿದವನಿಗೆ ಕೋಣೆಯಲ್ಲಿ ಆರದ ಊಟ ಕಾದಿರುತ್ತದೆ. ತಾಯಿಯ ಚಿತ್ರ ಪುಸ್ತಕದಲ್ಲೆಲ್ಲಿಯೂ ಇಲ್ಲ. ಕ್ಷಮೆಯ ಕುರಿತು ಒಂದಕ್ಷರದ ಉಪದೇಶವೂ ಇಲ್ಲ.

1964ರಲ್ಲಿ ಕಾಲ್ಡಿಕಾಟ್ ಪದಕ ದೊರೆತರೂ ಆಕ್ಷೇಪಗಳು ನಿಲ್ಲಲಿಲ್ಲ. ಊಟವಿಲ್ಲದೆ ಮಲಗಿಸುವ ಕಥೆ ಮಗುವಿನಲ್ಲಿ ಪರಿತ್ಯಕ್ತ ಭಾವವನ್ನು ಕೆರಳಿಸುತ್ತದೆಂದು 1969ರಲ್ಲಿ ಮನಶ್ಶಾಸ್ತ್ರಜ್ಞ ಬ್ರೂನೊ ಬೆಟೆಲ್‌ಹೈಮ್ ತೀರ್ಪಿತ್ತರು. ತೀರ್ಪಿತ್ತದ್ದು ಪುಸ್ತಕವನ್ನು ಸ್ವತಃ ಓದದೆ, ತಾಯಂದಿರು ಹೇಳಿದ್ದನ್ನು ಕೇಳಿ! 1970ರ 'ಇನ್ ದ ನೈಟ್ ಕಿಚನ್'ನಲ್ಲಿ ಬೆತ್ತಲೆ ಪೋರನನ್ನು ಕಂಡ ಕೆಲವು ಗ್ರಂಥಪಾಲಕರು ಕುಂಚ ಹಿಡಿದು ಅವನಿಗೆ ಚಡ್ಡಿ ತೊಡಿಸಿದರು. ಮುಜುಗರ ಯಾರದು, ಪೋರನದೆ?

ಸೆಂಡಾಕ್ 2012ರಲ್ಲಿ ತೀರಿಕೊಂಡರು. ಆ ಕುಂಚವಿನ್ನೂ ಒಣಗಿಲ್ಲ. ಇಂಥ ಚಿತ್ರಗಳು ಮಕ್ಕಳನ್ನು ಹೆದರಿಸುತ್ತವೆ ಎನ್ನುತ್ತಾರೆ. ಹೆದರಿಸುತ್ತವೆ, ನಿಜ. ಆದರೆ ಮಗು ಹೆದರುವುದು ಹಿರಿಯರ ತೊಡೆಯ ಮೇಲೆ ಕುಳಿತು, ಬೇಡವೆನಿಸಿದೊಡನೆ ಪುಸ್ತಕ ಮುಚ್ಚುವ ಅಧಿಕಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡು. ಶಾಲೆಗಳಿಗೆ ಪುಸ್ತಕ ಆರಿಸುವ ಮಹನೀಯರೆ, 'ಇದರ ನೀತಿಯೇನು?' ಎಂದು ಕೇಳುವ ಮುನ್ನ ಐದು ವರ್ಷದ ಮಗುವೊಂದರ ಪಕ್ಕ ಕುಳಿತು ಇದನ್ನು ಓದಿ. ಓದುವಾಗ ಪುಟಗಳನ್ನು ಮಗುವೇ ತಿರುವಲಿ.