ಟ್ರಂಕಿನ ಕೀಲಿ ನಮ್ಮ ಕಡೆ, ಕಂಪ್ಯೂಟರಿನ ಕೀಲಿ ಯಾರ ಕಡೆ?

ದಸರಾ ಬಂತಂದ್ರ ನಮ್ಮ ಹಾನಗಲ್ಲ ಕಡೆ ಹೆಣ್ಮಕ್ಕಳಿಗೆ ಕೈ ಬಿಡುವಿರಂಗಿಲ್ಲ. ಅಟ್ಟ ಝಾಡಿಸಬೇಕು, ಹಾಸಿಗಿ-ಹೊದಿಕಿ ಒಗಿಬೇಕು, ಟ್ರಂಕಿನ್ಯಾಗಿನ ಹೊಲದ ಕಾಗದಕ್ಕ ಗಾಳಿ ಆಡಿಸಿ ಹೊಸಾ ನುಸಿಗುಳಿಗಿ ಹಾಕಿ ಇಡಬೇಕು. ಯಾವ ಕಾಗದ ಎಲ್ಲೈತಿ ಅಂತ ಗಂಡಸರು ನಮ್ಮನ್ನ ಕೇಳ್ತಾರ. ಆದ್ರ ಪಡಸಾಲಿ ಮೂಲ್ಯಾಗ ಬಟ್ಟಿ ಹೊಚ್ಚಿಕೊಂಡು ಕುಂತಿರೋ ಕಂಪ್ಯೂಟರಿನ ಮಾತು ಬಂದ್ರ "ಅದನ್ನ ನೀ ಮುಟ್ಟಬ್ಯಾಡ, ಹುಡುಗ ಬಂದಾಗ ನೋಡ್ತಾನ" ಅಂತಾರ. ಹುಡುಗ ಬೆಂಗಳೂರಿಂದ ಬರೂದು ವರ್ಷಕ್ಕ ಎರಡು ಸಲ, ಬಂದಾಗ ಹನ್ನೊಂದರ ತನಕ ಮಲಗಿರ್ತಾನ. ನನ್ನ ವಾದ ಇಷ್ಟ ನೋಡ್ರಿ: ಮನಿ ಕಾಗದ-ಪತ್ರ ಕಂಪ್ಯೂಟರಿಗೆ ಹೋದ್ರ ಅದರ ಯಜಮಾನಿಕಿನೂ ಟ್ರಂಕಿನ ಯಜಮಾನಿಕಿ ಇದ್ದವರ ಕೈಗೇ ಬರಬೇಕು.

ಇದು ಹಟಕ್ಕ ಹೇಳೋ ಮಾತಲ್ಲ. ಕಂಪ್ಯೂಟರ್ ಕಲಿಯೂದು ಒಂದು ವಾರದ ಕೆಲಸ, ಪಿಯುಸಿ ತನಕ ಓದಿದ ನನಗ ಬಂದೈತಿ, ನಿಮಗೂ ಬರ್ತೈತಿ. ಆದ್ರ ಯಾವುದು ಇಟ್ಕೋಬೇಕು, ಯಾವುದು ಚೆಲ್ಲಬೇಕು ಅನ್ನೋದು ಒಂದು ವಾರದಾಗ ಬರಂಗಿಲ್ಲ. ಅದಕ್ಕ ಆ ಮನ್ಯಾಗ ಮೂವತ್ತು ವರ್ಷ ಬಾಳ್ವೆ ಮಾಡಿರಬೇಕು.

ನಮ್ಮ ಮೈದುನನ ಮಾತು ಹೇಳ್ತೀನಿ. ಹಿರೇಕೆರೂರಿನ್ಯಾಗ ಇದ್ದ, ಮೂರು ವರ್ಷದ ಹಿಂದ ಎದಿನೋವು ಬಂದು ಒಂದ ರಾತ್ರ್ಯಾಗ ಹೋಗಿಬಿಟ್ಟ. ಲೆಕ್ಕ-ಪತ್ರದಾಗ ಭಾಳ ಶಿಸ್ತಿನ ಮನಿಶ್ಯಾ. ಕಾಗದ ಯಾಕ ಹಾಳು ಅಂತ ವಿಮಾ ರಸೀದಿ, ಬ್ಯಾಂಕಿನ ಲೆಕ್ಕ ಎಲ್ಲಾ ಈಮೇಲಿಗೇ ತರಿಸ್ಕೊಳ್ತಿದ್ದ. ಪಾಸ್‌ವರ್ಡ್ ಅವನ ತಲ್ಯಾಗ ಇತ್ತು, ಅವನ ಜೋಡಿ ಹೋತು. ದುಃಖದಾಗ ಅವನ ಮೊಬೈಲಿಗೆ ಯಾರೂ ರಿಚಾರ್ಜ್ ಮಾಡಿಸ್ಲಿಲ್ಲ, ನಂಬರೂ ಹೋತು, ಇನ್ನ ಓಟಿಪಿ ಎಲ್ಲಿಂದ ಬರಬೇಕು? ನನ್ನ ನೆಗೆಣ್ಣಿ ಅಳಕೋತ ಅಂದ್ಲು, "ಅಕ್ಕಾ, ಟ್ರಂಕಿನ್ಯಾಗಿಂದೆಲ್ಲಾ ನನಗ ಗೊತ್ತೈತಿ. ಆ ಮೇಲಿನ್ಯಾಗ ಏನೈತಿ ಅಂತ ಅವರು ಒಂದ ದಿನಾನೂ ಹೇಳಲಿಲ್ಲ." ಕಡೀಕೆ ಹಾದಿ ತೋರಿಸಿದ್ದು ಹಳೇ ಪಾಸ್‌ಬುಕ್ಕು. ಅದರಾಗ ವರ್ಷಾ ಒಂದ ತಿಂಗಳದಾಗ ರೊಕ್ಕ ಕಟ್ ಆಗಿದ್ದ ಸಾಲು ಹಿಡದು ಯಾವ ವಿಮಾ ಕಂಪನಿ ಅಂತ ಪತ್ತೆ ಹಚ್ಚಿದ್ವಿ, ಒಂದು ಪಾಲಿಸಿ ಸಿಕ್ತು. ಇನ್ನೊಂದು ಇತ್ತು ಅಂತ ಅಕಿಗೆ ಅನುಮಾನ ಐತಿ, ಇವತ್ತಿಗೂ ಸಿಕ್ಕಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿ ಹುಡುಕಾಕ ಅಂತ ರಿಜರ್ವ್ ಬ್ಯಾಂಕಿನವರು 2023ರಾಗ ಉದ್ಗಮ್ ಅನ್ನೋ ಪೋರ್ಟಲ್ ತಗದಾರ. ಛಲೋ ಕೆಲಸನ. ಆದ್ರ ಎರಡು ಮಕ್ಕಳ ಫೀ ಕಟ್ಟೋ ಹೆಣ್ಮಗಳು ಹತ್ತು ವರ್ಷ ಹೆಂಗ ಕಾಯಬೇಕು?

ಅದಕ್ಕ ನಮ್ಮನ್ಯಾಗ ನಾ ಜಗಳಾಡೇ ಒಂದು ನೋಟ್‌ಬುಕ್ ಮಾಡಿಸೀನಿ. ಯಾವ ಮೇಲ್ ಯಾರ ಹೆಸರಿಲೆ ಐತಿ, ಯಾವ ಫೋನ್ ನಂಬರಿಗೆ ಜೋಡಿಸೇತಿ, ಪಾಸ್‌ವರ್ಡ್ ಏನು, ಎಲ್ಲಾ ಬರದು ಟ್ರಂಕಿನ್ಯಾಗ ಇಟ್ಟೇನಿ. ಪಾಸ್‌ವರ್ಡ್ ಬರದಿಡಬಾರದು ಅಂತ ಶಾಣ್ಯಾರು ಹೇಳ್ತಾರ. ಕಂಪ್ಯೂಟರಿನ ಮ್ಯಾಲೆ ಚೀಟಿ ಅಂಟಿಸಬಾರದು, ಅದು ಖರೆ. ಆದ್ರ ಬಂಗಾರ ಇಟ್ಟ ಟ್ರಂಕಿನ್ಯಾಗ ಪಾಸ್‌ವರ್ಡ್ ಯಾಕ ಇಡಬಾರದು? ಗೂಗಲ್‌ನವರದ ಒಂದು ವ್ಯವಸ್ಥಾ ಐತಿ, ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ. ನಾವು ಇಂತಿಷ್ಟು ತಿಂಗಳು ಮೇಲ್ ತೆರೀಲಿಲ್ಲಂದ್ರ ನಾವ ಹೇಳಿದ ಮಂದಿಗೆ ಸುದ್ದಿ ಹೋಗೂವಂಗ, ಬೇಕಾದ್ರ ಅದರಾಗಿನ ಫೈಲೂ ಸಿಗೂವಂಗ ಮೊದಲ ಬರದಿಡಬಹುದು. ಮೂರು ತಿಂಗಳಿಂದ ಹದಿನೆಂಟು ತಿಂಗಳ ತನಕ ಗಡುವು ಇಡಾಕ ಬರ್ತೈತಿ. ನಮ್ಮನಿಯವ್ರು "ಬದುಕಿದ್ದಾಗ ಯಾಕ ಅಪಶಕುನ" ಅಂದ್ರು. ವಿಮಾ ಮಾಡಿಸ್ದಾಗ ಶಕುನ ಕೇಳಿದ್ರೇನು ಅಂದೆ, ಸುಮ್ಮನಾದ್ರು.

ಇನ್ನ ಮೇಲ್ ತುಂಬಿದ್ದು. ಮಗ ಬಂದವನ "ಮಮ್ಮಿ, 15 ಜಿಬಿ ತುಂಬೇತಿ, ತಿಂಗಳಿಗೆ ಇಷ್ಟಂತ ರೊಕ್ಕ ಕಟ್ಟು, ಜಾಗಾ ಕೊಡ್ತಾರ" ಅಂದ. ಆ 15 ಜಿಬಿ ಒಂದ ಮೇಲಿಗೆ ಅಷ್ಟ ಅಲ್ರಿ, ಡ್ರೈವ್, ಫೋಟೋ ಮೂರಕ್ಕೂ ಕೂಡಿ. 2021ರ ಜೂನ್ 1ರಿಂದ ಮೊಬೈಲಿನ್ಯಾಗ ತಗದ ಫೋಟೋನೂ ಆ ಲೆಕ್ಕಕ್ಕ ಬೀಳ್ತಾವು. ಪೂರ್ತಿ ತುಂಬಿತಂದ್ರ ಹೊಸಾ ಮೇಲ್ ಬರೂದು ಬಂದ್ ಆಗ್ತೈತಿ, ಅದು ಕರೆಂಟ್ ಬಿಲ್ಲಾಗ್ಲಿ, ಮಗಳ ನೌಕರಿ ಆರ್ಡರ್ ಆಗ್ಲಿ. ಹಂಗಂತ ರೊಕ್ಕ ಕಟ್ಟಿ ಕಸಾ ಇಡಾಕ ಜಾಗಾ ತಗೊಳ್ಳೂದು ನನಗ ಒಪ್ಪಿಗಿ ಇಲ್ಲ. ಹುಡುಕೋ ಜಾಗದಾಗ ಇಂಗ್ಲಿಷಿನ್ಯಾಗ ಲಾರ್ಜರ್ ಅಂತ ಹೊಡದು, ಎರಡು ಚುಕ್ಕಿ ಇಟ್ಟು, 10ಎಂ ಅಂತ ಹೊಡೀರಿ, ದೊಡ್ಡ ದೊಡ್ಡ ಮೇಲ್ ಅಷ್ಟ ಮುಂದ ಬರ್ತಾವು. ನಮ್ಮದರಾಗ ಬಂದಿದ್ದು ಏನು ಗೊತ್ತೇನು? ಯಾರದೋ ಲಗ್ನದ ಆಮಂತ್ರಣ, ಮನಿಯವರ ಹಳೇ ಆಫೀಸಿನ ಸ್ಕ್ಯಾನು, ಅದ ಫೋಟೋ ನಾಕು ನಾಕು ಸಲ. ಆಮ್ಯಾಲೆ ಸೀರಿ ಅಂಗಡಿ, ಸಾಲಾ ಕೊಡ್ತೀವಿ ಅನ್ನೋರು, ಇಂಥವರ ಹೆಸರು ಹೊಡದು ಒಮ್ಮೆಲೆ ಆರಿಸಿ ತಗದೆ. ತಗದಿದ್ದು ಕಸದ ಬುಟ್ಟ್ಯಾಗ 30 ದಿನಾ ಇರ್ತೈತಿ, ಬುಟ್ಟಿ ಖಾಲಿ ಮಾಡೂತನಕ ಜಾಗಾನೂ ಸಿಗಂಗಿಲ್ಲ. ನಾ ಮಾತ್ರ ಆ 30 ದಿನಾ ಕಾಯ್ತೀನಿ, ಗಡಿಬಿಡಿ ಏನೈತಿ?

ಶಿಗ್ಗಾಂವಿಯ ನನ್ನ ಗೆಳತಿ ಇದರಾಗ ನನಗಿಂತ ಬಿರುಸು. "ಹತ್ತು ವರ್ಷ ತೆರೀದ ಫೈಲು ಮುಂದ ಹತ್ತು ವರ್ಷಾನೂ ತೆರಿಯಂಗಿಲ್ಲ, ಎಲ್ಲಾ ತಗದ ಒಗಿ" ಅಂತಾಳ. ಅಕಿ ಮಾತು ಅರ್ಧ ಖರೆ. ಪಹಣಿ ಪಿಡಿಎಫ್ ನಮ್ಮ ಕಂಪ್ಯೂಟರಿನ್ಯಾಗ ಮೂವತ್ತರ ಮ್ಯಾಲೆ ಇದ್ದವು. ಎರಡು ಸಾವಿರದ ಇಸ್ವಿ ಸುತ್ತಮುತ್ತ ಸರ್ಕಾರದ ಭೂಮಿ ಯೋಜನಾದಾಗ ಪಹಣಿ ಎಲ್ಲಾ ಕಂಪ್ಯೂಟರಿಗೆ ಏರಿದ ಮ್ಯಾಲೆ ಯಾವಾಗ ಬೇಕಂದ್ರ ಅವಾಗ ಹೊಸದು ತಗೋಬಹುದು, ಹಳೇವು ಯಾಕ ಬೇಕು? ಆಧಾರಿನ ಫೈಲಂತೂ ಡೌನ್‌ಲೋಡ್ ಫೋಲ್ಡರಿನ್ಯಾಗ ಬಿಡಲೇಬಾರದು. ಇ-ಆಧಾರಿನ ಪಾಸ್‌ವರ್ಡ್ ಅಂದ್ರ ಹೆಸರಿನ ಮೊದಲ ನಾಕು ಅಕ್ಷರ ಮತ್ತ ಹುಟ್ಟಿದ ಇಸ್ವಿ. ಅದು ಊರಿಗೆಲ್ಲಾ ಗೊತ್ತಿರೋ ಕೀಲಿ. ಝೆರಾಕ್ಸ್ ಅಂಗಡ್ಯಾಗ ಮೇಲ್ ತೆರದು ಪ್ರಿಂಟ್ ತಗಸಿದ್ರ, ಎದ್ದು ಬರೂ ಮುಂದ ಲಾಗೌಟ್ ಮಾಡಿ, ಅವರ ಕಂಪ್ಯೂಟರಿನ್ಯಾಗ ಇಳಿಸಿದ ಫೈಲೂ ತಗಸೇ ಬರ್ರಿ. ನಾಚಿಕಿ ಮಾಡ್ಕೋಬ್ಯಾಡ್ರಿ.

ಅಕಿ ಮಾತಿನ ಉಳದ ಅರ್ಧ ಯಾಕ ಸುಳ್ಳು ಅಂದ್ರ, ನಮ್ಮತ್ತಿ ಪದದ ಫೈಲು. ನಮ್ಮತ್ತಿ ತವರು ಸವಣೂರು. ಬಾಯಿ ತುಂಬ ಎಲಿ ಹಾಕ್ಕೊಂಡು ಕುಂತ್ರ ಸೋಬಾನದ ಪದ, ಬೀಸೋ ಪದ ಒಂದರ ಹಿಂದ ಒಂದು ಬರ್ತಿದ್ದವು. ಮಾವನವರು ಅವನ್ನ ಬರಕೊಂಡು 2003ರಾಗ ಡಿಟಿಪಿ ಅಂಗಡ್ಯಾಗ ಟೈಪ್ ಮಾಡಿಸಿದ್ರು. ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಕಂಪ್ಯೂಟರಿಗೆ ಬಂದಾವು. ಹೋದ ವರ್ಷ ಮಗ ತೆರದು ನೋಡಿದ್ರ ಕನ್ನಡನ ಇಲ್ಲ. ಇಂಗ್ಲಿಷ್ ಅಕ್ಷರಕ್ಕ ತಲಿ ಮ್ಯಾಲೆ ಗೀರು, ಚುಕ್ಕಿ ಇಟ್ಟಂಗ ಏನೇನೋ ಸಾಲು. "ಫೈಲ್ ಕೆಟ್ಟೈತಿ ಮಮ್ಮಿ, ತಗೀತೀನಿ" ಅಂದ. ಕೈ ಹಿಡದೆ. ಫೈಲ್ ಕೆಟ್ಟಿರ್ಲಿಲ್ರಿ. ಆವಾಗ ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತ ಬರಹ ಇಂಥಾ ತಂತ್ರಾಂಶದಾಗ ಟೈಪ್ ಮಾಡ್ತಿದ್ರು. ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ತುಂಡು ಕುಂದರಿಸಿದ ಫಾಂಟು ಅವು. ಆ ಫಾಂಟ್ ಕಂಪ್ಯೂಟರಿನ್ಯಾಗ ಇಲ್ಲಂದ್ರ ಒಳಗಿನ ಇಂಗ್ಲಿಷ್ ಗುರುತಷ್ಟ ಕಾಣ್ತಾವು. ನುಡಿ ಹಾಕಿಸಿ ತೆರದ್ವಿ, ನಮ್ಮತ್ತಿ ಪದ ಸಾಲಿಗೆ ಸಾಲು ಎದ್ದು ಬಂದವು. ಆಮ್ಯಾಲೆ ಯುನಿಕೋಡಿಗೆ ಬದಲಿಸಿದ್ವಿ. ಈಗ ಮೊಬೈಲಿನ್ಯಾಗೂ ಓದಾಕ ಬರ್ತಾವು, ಮೊಮ್ಮಗಳಿಗೂ ಕಳಿಸೀನಿ. ನಮ್ಮ ಹಾವೇರಿ ಜಿಲ್ಲಾದಾಗ ಇಂಥಾ ಫೈಲು ಎಷ್ಟು ಮನ್ಯಾಗ, ಎಷ್ಟು ಸಂಘ-ಮಠದ ಕಂಪ್ಯೂಟರಿನ್ಯಾಗ "ಕೆಟ್ಟೈತಿ" ಅಂತ ಹೋಗಿದ್ದಾವೋ. ಅಡ್ಡಾತಿಡ್ಡಿ ಅಕ್ಷರ ಕಂಡ್ರ ಒಮ್ಮೆ ನುಡಿ ಹಾಕಿ ನೋಡಿ ಆಮ್ಯಾಲೆ ತಗೀರಿ.

ಫೈಲಿನ ಹೆಸರಿನ ಬಗ್ಗೆ ಒಂದ ಮಾತು. "ನ್ಯೂ ಫೋಲ್ಡರ್", "ಸ್ಕ್ಯಾನ್ 1" ಅಂತಿದ್ರ ದೇವರಿಗೂ ಸಿಗಂಗಿಲ್ಲ. ನಾ "ಹೊಲ ಖರೀದಿಪತ್ರ 1998", "ದೊಡ್ಡಮಗಳ ಮಾರ್ಕ್ಸ್‌ಕಾರ್ಡ್" ಅಂತ ಕನ್ನಡದಾಗ ಹೆಸರು ಇಟ್ಟೇನಿ. ಸಿಡಿ, ಪೆನ್‌ಡ್ರೈವ್ ನಂಬಬ್ಯಾಡ್ರಿ, ನಮ್ಮ ಲಗ್ನದ ಸಿಡಿ ಈಗ ಓಡಂಗಿಲ್ಲ. ಬೇಕಾದ್ದು ಎರಡು ಕಡೆ ಇರಲಿ, ಒಂದು ಮನ್ಯಾಗ, ಒಂದು ಮಗಳ ಮನ್ಯಾಗ. ಮತ್ತ ಬಳಸದ ಹಳೇ ಜಿಮೇಲ್ ಇದ್ರ ಆಗಾಗ ತೆರೀರಿ. ಎರಡು ವರ್ಷ ಮುಟ್ಟದ ಖಾತೆ 2023ರ ಡಿಸೆಂಬರಿಂದ ಗೂಗಲ್‌ನವರು ತಗದ ಹಾಕಾಕ ಹತ್ಯಾರ, ಒಳಗಿನ ಫೋಟೋ-ಗೀಟೋ ಎಲ್ಲಾ ಕೂಡಿ.

ಇಷ್ಟಾದ ಮ್ಯಾಲೆ ನಮ್ಮ ಹಳೇ ಡಬ್ಬಾ ಮಾರಿದ್ವಿ. ಅದು ವಿಂಡೋಸ್ 7ರದು, 2020ರ ಜನವರಿಯಿಂದ ಅದಕ್ಕ ಮೈಕ್ರೋಸಾಫ್ಟಿನವರ ರಕ್ಷಣಾನೂ ಇರ್ಲಿಲ್ಲ. ಡಿಲೀಟ್ ಹೊಡದು, ಬುಟ್ಟಿ ಖಾಲಿ ಮಾಡಿದ್ರೂ ಹಾರ್ಡ್‌ಡಿಸ್ಕಿನ್ಯಾಗಿಂದ ಬಲ್ಲವರು ಹಳೇ ಫೈಲು ಎಬ್ಬಸ್ತಾರ. ಅದಕ್ಕ ರಿಪೇರಿ ಹುಡುಗನ ಕಡಿಂದ ಡಿಸ್ಕ್ ಬಿಚ್ಚಿಸಿ, ಅರಿವಿ ಸುತ್ತಿ ಟ್ರಂಕಿನ್ಯಾಗ ಇಟ್ಟೆ. ಗುಜರಿಯವ ಡಿಸ್ಕ್ ಇಲ್ಲ ಅಂತ ಇನ್ನೂರು ರೂಪಾಯಿ ಕಡಿಮಿ ಕೊಟ್ಟ. ಕೊಡ್ಲಿ ಬಿಡ್ರಿ.