ಹೊಸ ಯುನಿಟ್ ಹಾಕಿದರೂ ಬೋಟ್ ಯಾಕೆ ಓಡವಲ್ದು? ಹೊಳಿ ಬರುವ ಮುಂಚೆ ನೋಡಬೇಕಾದ ಲೆಕ್ಕ

ರೋಣ/ನರಗುಂದ/ಗಜೇಂದ್ರಗಡ: ನವಿಲುತೀರ್ಥ ಡ್ಯಾಮ್ ತುಂಬಿ ಮಲಪ್ರಭೆಗೆ ನೀರು ಬಿಟ್ಟರು ಅಂದ್ರೆ ಹೊಳಿ ದಂಡೆಯ ಊರುಗಳಲ್ಲಿ ಮೊದಲು ಕೇಳುವ ಪ್ರಶ್ನೆ "ನೀರು ಎಷ್ಟು ಬಿಟ್ಟಾರ?" ಅನ್ನೋದು. ಎರಡನೇದು, "ಬೋಟ್ ಬಂತೇನು?" 2009ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಭಾಗದವರು ಇದನ್ನು ಅನುಭವಿಸಿದ್ದಾರೆ. ಆದರೆ ಮೂರನೇ ಪ್ರಶ್ನೆ ಯಾರೂ ಕೇಳುವುದಿಲ್ಲ: ಬಂದ ಬೋಟ್ ಸೆಳವಿನ ಎದುರು ಎಷ್ಟು ಓಡತೈತಿ?

ಈ ಪ್ರಶ್ನೆ ಕೇಳಲು ಕಾರಣ ಇದೆ. ಪ್ರವಾಹದ ಬೋಟ್ ಓಡುವುದು ತಿಳಿನೀರಿನ ಕೆರೆಯಲ್ಲಲ್ಲ. ಮುಳುಗಿದ ಬೇಲಿ, ಗೂಟ, ಕಲ್ಲಿಗೆ ಬಡಿದು ಮೊದಲು ಪೆಟ್ಟು ತಿನ್ನುವುದೇ ಎಂಜಿನ್ನಿನ ಕೆಳಗಿನ ಭಾಗ. ಅಲ್ಲಿ ಗೇರ್ ಪೆಟ್ಟಿಗೆ ಮತ್ತು ಪ್ರೊಪೆಲ್ಲರ್ ಇರುತ್ತವೆ. ಇದನ್ನೇ ಡ್ರೈವ್ ಯುನಿಟ್ ಅಂತಾರೆ. ಅದು ಒಡೆದರೆ ಪೂರ್ತಿ ಬದಲಿಸುತ್ತಾರೆ. ಬದಲಿಸಿದ ಮೇಲೆ ಎಂಜಿನ್ ಚಾಲೂ ಆಗತೈತಿ, ಗೇರ್ ಬೀಳತೈತಿ, ಬೋಟ್ ಮುಂದೆ ಹೋಗತೈತಿ. ಕೆಲಸ ಮುಗಿತು ಅಂತ ಷೆಡ್‌ಗೆ ಹಾಕಿದರೆ, ಮೊದಲಿನ ಓಟ ಹೋಗಿದೆ ಅನ್ನೋದು ಗೊತ್ತಾಗುವುದು ಹೊಳಿ ಬಂದ ದಿನ.

ಆರು ಕಿ.ಮೀ. ಕಡಿಮೆ, ಆದರೆ ಅರ್ಧ ನಷ್ಟ

ಒಂದು ಲೆಕ್ಕ ನೋಡಿ. ಜನ ತುಂಬಿದ ಬೋಟ್ ನಿಂತ ನೀರಿನಲ್ಲಿ ಗಂಟೆಗೆ 22 ಕಿ.ಮೀ. ಓಡುತ್ತಿತ್ತು ಅಂತ ಇಟ್ಟುಕೊಳ್ಳಿ. ಯುನಿಟ್ ಬದಲಿಸಿದ ಮೇಲೆ 16ಕ್ಕೆ ಇಳಿಯಿತು. ಕೆರೆಯಲ್ಲಿ ಇದು ಅಷ್ಟೇನೂ ದೊಡ್ಡದಲ್ಲ ಅನಿಸುತ್ತೆ. ಆದರೆ ಹೊಳಿಯ ಸೆಳವು ಗಂಟೆಗೆ 10 ಕಿ.ಮೀ. ಇದ್ದರೆ, ಎದುರು ಹೋಗುವಾಗ ಮೊದಲು ಉಳಿಯುತ್ತಿದ್ದದ್ದು 12, ಈಗ ಉಳಿಯುವುದು ಬರೀ 6. ಎರಡು ಕಿ.ಮೀ. ದೂರಕ್ಕೆ 10 ನಿಮಿಷದ ಬದಲು 20 ನಿಮಿಷ. ಮಾಳಿಗೆ ಮೇಲೆ ಕುಂತ ಬಾಣಂತಿಗೆ, ಉಸಿರಾಟದ ತೊಂದರೆ ಇರುವ ಹಿರಿಯರಿಗೆ ಆ 10 ನಿಮಿಷ ಸಣ್ಣದಲ್ಲ. ಹತ್ತು ಸಲ ಜನ ತರುವ ಹೊತ್ತಿಗೆ ಐದಾರು ಸಲ ತಂದಂಗಾಗತೈತಿ.

ಬೈಕಿನ ಸ್ಪ್ರಾಕೆಟ್ ಗೊತ್ತಿದ್ದವರಿಗೆ ಇದೂ ಗೊತ್ತು

ಓಟ ಹೋಯಿತು ಅಂದ ಕೂಡಲೇ ಎಲ್ಲರ ಕಣ್ಣು ಎಂಜಿನ್ ಮೇಲೆ. ಕಾರ್ಬುರೇಟರ್ ಬಿಚ್ಚುವುದು, ಪ್ಲಗ್ ಬದಲಿಸುವುದು. ಆದರೆ ಯುನಿಟ್ ಬದಲಿಸುವ ತನಕ ಚೆನ್ನಾಗಿ ಓಡಿದ ಎಂಜಿನ್ ಅದೇ ದಿನ ಕೆಡುವುದು ಅಪರೂಪ. ಮೊದಲು ನೋಡಬೇಕಾದ್ದು ಬದಲಾದ ಭಾಗ.

ಬೈಕಿಗೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿದರೆ ಎಳೆಯುವ ತಾಕತ್ತು ಬರುತ್ತೆ, ಓಟ ಹೋಗುತ್ತೆ. ಬೋಟಿನ ಗೇರ್ ಪೆಟ್ಟಿಗೆಯೂ ಹಂಗೇ. ಹಳೆಯದರಲ್ಲಿ ಎಂಜಿನ್ 2 ಸುತ್ತು ತಿರುಗಿದರೆ ಪ್ರೊಪೆಲ್ಲರ್ 1 ಸುತ್ತು ತಿರುಗುತ್ತಿತ್ತು, ಹೊಸದರಲ್ಲಿ 2.33 ಸುತ್ತಿಗೆ 1 ಸುತ್ತು ಅಂತಾದರೆ ಓಟ ಶೇ 14ರಷ್ಟು ಬೀಳುತ್ತೆ. ಹೊರಗಿನಿಂದ ನೋಡಿದರೆ ಎರಡೂ ಪೆಟ್ಟಿಗೆ ಒಂದೇ ತರ ಕಾಣಬಹುದು.

ಇದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಡ. ಎಂಜಿನ್ ಬಂದ್ ಇಟ್ಟು, ಕೀ ತೆಗೆದು, ಪ್ಲಗ್ ಬಿಚ್ಚಿ, ಗೇರ್ ಹಾಕಿ, ಫ್ಲೈವೀಲ್ ಕೈಯಿಂದ 14 ಸುತ್ತು ತಿರುಗಿಸಿ. ಪ್ರೊಪೆಲ್ಲರ್ 7 ಸುತ್ತು ಬಂದರೆ ಅನುಪಾತ 2.00. ಆರೇ ಸುತ್ತು ಬಂದರೆ 2.33.

ಇನ್ನೊಂದು ಪ್ರೊಪೆಲ್ಲರಿನ ಪಿಚ್. ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಅಳತೆ ಅದು. 11 ಇಂಚು ಪಿಚ್, ಎಂಜಿನ್ 5500 ಆರ್‌ಪಿಎಂ, ಅನುಪಾತ 2.00 ಇದ್ದರೆ ಲೆಕ್ಕದ ಓಟ ಗಂಟೆಗೆ ಸುಮಾರು 46 ಕಿ.ಮೀ. ಅನುಪಾತ 2.33 ಆದರೆ ಸುಮಾರು 39.5. ಇದು ಕಾಗದದ ಲೆಕ್ಕ. ಎರೆಮಣ್ಣಿನ ರಾಡಿಯಲ್ಲಿ ಟ್ರ್ಯಾಕ್ಟರ್ ಗಾಲಿ ತಿರುಗಿದಷ್ಟು ಮುಂದೆ ಹೋಗುವುದಿಲ್ಲವಲ್ಲ, ನೀರಿನಲ್ಲೂ ಜಾರಿಕೆ ಇದೆ. ಅದು ಶೇ 20 ಅಂತ ಹಿಡಿದರೆ 37 ಮತ್ತು 32. ಅನುಪಾತ ಬದಲಾಗಿದ್ದರೆ 13 ಇಂಚಿನ ಪ್ರೊಪೆಲ್ಲರ್ ಹಾಕಿ ಹಳೇ ಓಟ ಮರಳಿ ತರಬಹುದು. ಆದರೆ ಎಂಜಿನ್ ಅದನ್ನು ತಿರುಗಿಸಿ ತನ್ನ ಪೂರ್ತಿ ಆರ್‌ಪಿಎಂ ಮುಟ್ಟಬೇಕು. ಪಿಚ್ ಒಂದು ಇಂಚು ಹೆಚ್ಚಿದರೆ ಆರ್‌ಪಿಎಂ ಅಂದಾಜು 150ರಿಂದ 200 ಇಳಿಯುತ್ತೆ.

ಆರ್‌ಪಿಎಂ ಏನು ಹೇಳತೈತಿ?

ಹೀಗಾಗಿ ಪತ್ತೆ ಕೆಲಸ ಶುರು ಆಗಬೇಕಾದ್ದು ಆರ್‌ಪಿಎಂ ಮೀಟರಿನಿಂದ. ತುಂಬಿದ ಬೋಟಿನಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟು ನೋಡಬೇಕು.

ಆರ್‌ಪಿಎಂ ಮೇಲಿನ ಮಿತಿ ಮುಟ್ಟಿದೆ, ಓಟ ಮಾತ್ರ ಇಲ್ಲ ಅಂದ್ರೆ ಎಂಜಿನ್ ತಪ್ಪಲ್ಲ. ಗೇರ್ ಅನುಪಾತ, ಪಿಚ್ ಅಥವಾ ಜಾರಿಕೆ ನೋಡಿ. ಎಂಜಿನ್ ಕೂಗತೈತಿ, ಬೋಟ್ ಜಗ್ಗವಲ್ದು ಅಂದ್ರೆ ಯುನಿಟ್ ಎತ್ತರಕ್ಕೆ ಕೂತು ಪ್ರೊಪೆಲ್ಲರ್ ಗಾಳಿ ಎಳೆಯುತ್ತಿರಬಹುದು. ಪ್ರೊಪೆಲ್ಲರ್ ಮೇಲಿನ ಅಡ್ಡ ಪಟ್ಟಿ ಬೋಟಿನ ತಳದ ಸಮ, ಇಲ್ಲವೇ ಒಂದು ಇಂಚು ಕೆಳಗೆ ಇರಬೇಕು. ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಸಡಿಲ ಆಗಿದ್ದರೂ ಇದೇ ಲಕ್ಷಣ. ಒಳಗಿನ ಕೊಳವೆಯಿಂದ ಹೊರಗಿನ ಭಾಗದ ತನಕ ಪೇಂಟಿನಿಂದ ಒಂದು ಗೆರೆ ಎಳೆದು ಓಡಿಸಿ ನೋಡಿ. ಗೆರೆ ತುಂಡಾದರೆ ಬುಷ್ ಜಾರಿದೆ.

ಆರ್‌ಪಿಎಂ ಮೇಲೇರುವುದೇ ಇಲ್ಲ ಅಂದ್ರೆ ಎಂಜಿನ್ ಮೇಲೆ ಭಾರ ಹೆಚ್ಚಾಗಿದೆ ಅಥವಾ ಅದಕ್ಕೆ ತಾಕತ್ತು ಸಾಲುತ್ತಿಲ್ಲ. ಪಿಚ್ ದೊಡ್ಡದಾಗಿರಬಹುದು. 15 ಇಂಚಿನ ಶಾಫ್ಟ್ ಬೇಕಾದ ಬೋಟಿಗೆ 20 ಇಂಚಿನದು ಕೂತು ನೀರೊಳಗೆ ಜಗ್ಗುತ್ತಿರಬಹುದು. ಕೆಲಸ ಮಾಡುವಾಗ ಎಕ್ಸಲೇಟರ್ ಕೇಬಲ್ ಸರಿದು ಪೂರ್ತಿ ತೆರೆಯದೇ ಇರಬಹುದು. ಗೇರ್ ಪೆಟ್ಟಿಗೆಯ ನೀರಿನ ಜಾಲರಿಗೆ ರಾಡಿ, ಜೋಳದ ದಂಟು, ಪ್ಲಾಸ್ಟಿಕ್ ಸಿಕ್ಕರೆ ಎಂಜಿನ್ ಕಾಯುತ್ತೆ. ಎಷ್ಟೋ ಹೊಸ ಎಂಜಿನ್‌ಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಆರ್‌ಪಿಎಂ ಇಳಿಸುತ್ತವೆ. ಗಾಳಿ ತುಂಬುವ ರಬ್ಬರ್ ಬೋಟಿನಲ್ಲಿ ಗಾಳಿ ಕಡಿಮೆ ಇದ್ದರೆ ತಳ ಬಾಗಿ ಓಟ ತಿನ್ನುತ್ತೆ. ಒಳಗೆ 100 ಲೀಟರ್ ನೀರು ನಿಂತರೆ 100 ಕಿಲೋ ಭಾರ, ಒಂದೂವರೆ ಆಳು ಹೆಚ್ಚಿಗೆ ಕುಂತಂಗೆ.

ಎರಡು ಎಂಜಿನ್ ಬೋಟಾದರೆ ಒಂದರ ಯುನಿಟ್ ಮಾತ್ರ ಬದಲಿಸಿದಾಗ ಎರಡರ ಅನುಪಾತವೂ ಒಂದೇ ಇದೆಯೇ ನೋಡಲೇಬೇಕು.

ಬೋಟಿನ ಮೀಟರ್ ನಂಬಬೇಡಿ

ಕೆಲವು ಬೋಟ್‌ಗಳ ಸ್ಪೀಡ್ ಮೀಟರಿಗೆ ನೀರಿನ ಒತ್ತಡ ಹೋಗುವುದು ಗೇರ್ ಪೆಟ್ಟಿಗೆಯ ಸಣ್ಣ ತೂತಿನಿಂದ. ಯುನಿಟ್ ಬದಲಿಸುವಾಗ ಆ ಪೈಪ್ ಜೋಡಿಸದೇ ಬಿಟ್ಟರೆ ಓಟ ಇದ್ದರೂ ಮೀಟರ್ ಕಡಿಮೆ ತೋರಿಸುತ್ತೆ. ಅದಕ್ಕೆ ಮೊಬೈಲಿನ ಜಿಪಿಎಸ್‌ನಲ್ಲೇ ಅಳೆಯಿರಿ. ಹರಿಯುವ ಹೊಳಿಯಲ್ಲಾದರೆ ಎರಡೂ ದಿಕ್ಕಿಗೆ ಓಡಿಸಬೇಕು. ಎದುರಿಗೆ 18, ಸೆಳವಿನ ಜೊತೆ 30 ಬಂದರೆ ಬೋಟಿನ ಓಟ 24, ಸೆಳವು 6.

ನಾವು ಕೇಳಬೇಕಾದ್ದು ನಾಲ್ಕು ಅಂಕಿ

ವಿಪತ್ತು ನಿರ್ವಹಣೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೊಣೆ ಇದೆ, ತಾಲ್ಲೂಕಿನಲ್ಲಿ ತಹಶೀಲ್ದಾರರು ಇದ್ದಾರೆ. ಮಳೆಗಾಲದ ಮುಂಚಿನ ಸಭೆಗಳಲ್ಲಿ "ಬೋಟ್ ಸಜ್ಜಾಗಿವೆ" ಅನ್ನುವ ಒಂದು ಸಾಲು ಸಾಲದು. ಗ್ರಾಮ ಪಂಚಾಯ್ತಿ ಸದಸ್ಯರು, ಅಂಗಡಿಕಾರರು, ಯುವಕ ಸಂಘದವರು ಪ್ರತಿ ಬೋಟಿಗೂ ನಾಲ್ಕು ಅಂಕಿ ಕೇಳಬೇಕು: ಪೂರ್ತಿ ಭಾರದಲ್ಲಿ ಎಷ್ಟು ಆರ್‌ಪಿಎಂ, ಜಿಪಿಎಸ್‌ನಲ್ಲಿ ಎಷ್ಟು ಓಟ, ಗೇರ್ ಅನುಪಾತ ಮತ್ತು ಪಿಚ್ ಎಷ್ಟು. ಯುನಿಟ್ ಬದಲಿಸುವ ಮುಂಚೆ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಬರೆದಿಟ್ಟರೆ ಅರ್ಧ ರಿಪೇರಿ ಅಲ್ಲೇ ಮುಗಿತು. ಹಳೇ ಅಂಕಿ ಇಲ್ಲದಿದ್ದರೆ ಓಟ ಹೋಯ್ತೋ ಇಲ್ಲೋ ಅನ್ನೋದೇ ವಾದ ಆಗತೈತಿ.

ಗಜೇಂದ್ರಗಡದವರಿಗೆ ಹೊಳಿ ದೂರ. ಆದರೆ ಟ್ರ್ಯಾಕ್ಟರ್ ಗೇರ್, ಬೈಕ್ ಸ್ಪ್ರಾಕೆಟ್ ಬಲ್ಲ ಮೆಕ್ಯಾನಿಕ್‌ಗಳು ಮೂರೂ ತಾಲ್ಲೂಕಿನಲ್ಲಿದ್ದಾರೆ. 14 ಸುತ್ತಿನ ಪರೀಕ್ಷೆ ಅವರ ಕೈಯಲ್ಲಿ ಹತ್ತು ನಿಮಿಷದ ಕೆಲಸ. ಪರೀಕ್ಷೆಯ ದಿನ ಅಂಥವರೊಬ್ಬರನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡರೆ ತಾಲ್ಲೂಕು ಆಡಳಿತಕ್ಕೆ ದೊಡ್ಡ ಖರ್ಚೇನೂ ಬರುವುದಿಲ್ಲ. ಆದರೆ ಈ ಕೆಲಸ ಡ್ಯಾಮ್ ತುಂಬುವ ಮುಂಚೆ ಆಗಬೇಕು. ಗೇಟ್ ತೆಗೆದ ಮೇಲೆ ಪ್ರೊಪೆಲ್ಲರ್ ಹುಡುಕಿದರೆ ಯಾವ ಅಂಗಡಿಯಲ್ಲೂ ಹೊತ್ತಿಗೆ ಸಿಗುವುದಿಲ್ಲ.